ಮಿನಿ ಓಲ್ಡ್ ಐರನ್‌ಸೈಡ್ಸ್ ವಿಮರ್ಶೆ: ಅರ್ಧ ಇಂಚಿನ ತೋಪಿಗೆ ಏನೇನು ಬೇಕು

ಅಮೆರಿಕದಲ್ಲಿ ಮಾರಾಟಕ್ಕಿರುವ, ನಿಜವಾಗಿಯೂ ಮದ್ದು ತುಂಬಿ ಹೊಡೆಯಬಹುದಾದ ಅತಿ ಚಿಕ್ಕ ಫಿರಂಗಿಗಳಲ್ಲಿ ಟ್ರೆಡಿಷನ್ಸ್ ಕಂಪನಿಯ ಮಿನಿ ಓಲ್ಡ್ ಐರನ್‌ಸೈಡ್ಸ್ ಒಂದು. ನಳಿಗೆಯ ಉದ್ದ 9 ಇಂಚು. ಒಳವ್ಯಾಸ .50 ಕ್ಯಾಲಿಬರ್, ಅಂದರೆ ಅರ್ಧ ಇಂಚು, 12.7 ಮಿಲಿಮೀಟರ್. ಬಾಯಿಯಿಂದ ಮದ್ದು ತುಂಬಬೇಕು, ಹಿಂಬದಿಯ ಕಿವಿಗೆ, ಅಂದರೆ ಮದ್ದಿನವರೆಗೆ ಕೊರೆದ ಸಣ್ಣ ತೂತಿಗೆ, ಬತ್ತಿ ತೂರಿಸಿ ಹಚ್ಚಬೇಕು. ನಳಿಗೆ ಉಕ್ಕಿನದು, ನಿಕ್ಕಲ್ ಲೇಪನವಿದೆ. ಕೂತಿರುವುದು ನಾಲ್ಕು ಪುಟ್ಟ ಗಾಲಿಗಳ ಮರದ ಗಾಡಿಯ ಮೇಲೆ, ಹಳೆಯ ಯುದ್ಧನೌಕೆಗಳ ಅಟ್ಟದ ಮೇಲಿರುತ್ತಿದ್ದಂಥ ಗಾಡಿ. ಹೆಸರೂ ಅಲ್ಲಿಂದಲೇ ಬಂದದ್ದು. 1797ರಲ್ಲಿ ಬಾಸ್ಟನ್‌ನಲ್ಲಿ ನೀರಿಗಿಳಿದ ಕಾನ್‌ಸ್ಟಿಟ್ಯೂಷನ್ ಹಡಗಿನ ಓಕ್ ಮೈಗೆ 1812ರ ಕಾಳಗದಲ್ಲಿ ಬ್ರಿಟಿಷ್ ಗುಂಡುಗಳು ತಾಗಿ ಪುಟಿದವೆಂದು ನಾವಿಕರು ಇಟ್ಟ ಅಡ್ಡಹೆಸರು ಓಲ್ಡ್ ಐರನ್‌ಸೈಡ್ಸ್. ಆ ಹಡಗು ಈಗಲೂ ಬಾಸ್ಟನ್‌ನ ಚಾರ್ಲ್ಸ್‌ಟೌನ್‌ನಲ್ಲಿದೆ, ಬೆಳಿಗ್ಗೆ ಸಂಜೆ ಧ್ವಜದ ಹೊತ್ತಿಗೆ ತೋಪು ಹಾರಿಸುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಲೋಹದ ಸಾಮಾನಾಗಿ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಪೆಟ್ಟಿಗೆ ಬಿಚ್ಚಿದಾಗ ಕೈಗೆ ಸಿಗುವುದಷ್ಟರಿಂದಲೇ ಹೊಡೆಯಲಾಗುವುದಿಲ್ಲ. ಎರಡನೆಯ ಹೊಡೆತವನ್ನು ಅಪಾಯವಿಲ್ಲದೆ ಹೊಡೆಯಲು ಬೇಕಾದ ಉಪಕರಣಗಳನ್ನು ಬೇರೆಯಾಗಿ ಕೊಳ್ಳಬೇಕು, ಕೆಲವನ್ನು ಮಾಡಿಕೊಳ್ಳಬೇಕು. ಬಾಯಿಂದ ತುಂಬುವ ತೋಪುಗಳಲ್ಲಿ ಕೈಸುಡುವ ಅಪಘಾತ ಬಹುಪಾಲು ಆಗುವುದೇ ಎರಡನೆಯ ಹೊಡೆತಕ್ಕೆ ಮದ್ದು ತುಂಬುವಾಗ. ಈ ವಿಮರ್ಶೆಯಲ್ಲಿ ಮಾತಾಡುವುದು ಸಲಾಮಿ ಹೊಡೆತದ ಬಗ್ಗೆ ಮಾತ್ರ. ಶಬ್ದ ಮತ್ತು ಹೊಗೆ, ಗುಂಡಿಲ್ಲ. ಗುಂಡು ಹಾಕಿ ಗುರಿ ಹೊಡೆಯುವುದು ಬೇರೆಯೇ ಆಟ, ಅದಕ್ಕೆ ಮಣ್ಣಿನ ದಿಬ್ಬವಿರುವ ರೇಂಜ್ ಬೇಕು.

ಇನ್ನೊಂದು ಮಾತು, ಕೊಳ್ಳುವ ಮೊದಲೇ. ಹಳೆಯ ಸಾಮಾನಿನ ಅಂಗಡಿಯಲ್ಲೋ ಕರಕುಶಲ ಮಳಿಗೆಯಲ್ಲೋ ಸಿಗುವ ಹಿತ್ತಾಳೆ ತೋಪು ನೋಡಲು ಇದಕ್ಕಿಂತ ಚೆಂದವಿರಬಹುದು, ಅದಕ್ಕೂ ಬಾಯಿಯಿರುತ್ತದೆ, ಕೆಲವಕ್ಕೆ ಕಿವಿಯನ್ನೂ ಕೊರೆದಿರುತ್ತಾರೆ. ಅದು ಷೋಪೀಸ್. ಎರಕದಲ್ಲಿ ಗುಳ್ಳೆಗಳಿರುತ್ತವೆ, ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅದಕ್ಕೆ ಚಿಟಿಕೆ ಮದ್ದೂ ಹಾಕಬಾರದು. ಹೊಡೆಯುವ ತೋಪಿಗೆ ತೋಪುಗಾರರ ನಡುವೆ ಇರುವ ಅಳತೆ ಸರಳ: ಮದ್ದು ಕೂರುವ ಜಾಗದಲ್ಲಿ ಸುತ್ತಲಿನ ಗೋಡೆಯ ದಪ್ಪ ಕಡಿಮೆಯೆಂದರೆ ಒಳವ್ಯಾಸದಷ್ಟಿರಬೇಕು. ಅರ್ಧ ಇಂಚಿನ ನಳಿಗೆಗೆ ಹಿಂಬದಿಯ ಹೊರವ್ಯಾಸ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್. ಸೆಕೆಂಡ್‌ಹ್ಯಾಂಡ್ ತೋಪು ಕೊಳ್ಳುವವರು ಜೇಬಿನಲ್ಲಿ ಕ್ಯಾಲಿಪರ್ ಇಟ್ಟುಕೊಂಡೇ ಹೋಗಲಿ. ಹಿಂಬದಿಯನ್ನು ಯಾರಾದರೂ ವೆಲ್ಡ್ ಮಾಡಿ ಮುಚ್ಚಿದ್ದರೆ, ನೀರಿನ ಪೈಪಿನಿಂದ ಮಾಡಿದ್ದರೆ, ಎಷ್ಟೇ ದಪ್ಪವಿದ್ದರೂ ವಾಪಸ್ ಬನ್ನಿ.

ಗಾಡಿಯ ವಿಷಯ ಬೇಗ ಮುಗಿಸಬಹುದು. ಇಷ್ಟು ಚಿಕ್ಕ ತೋಪುಗಳೆಲ್ಲವೂ ಹಗುರ, ಹೊಡೆದಾಗ ಹಿಂದಕ್ಕೆ ಉರುಳುತ್ತವೆ, ನುಣುಪಾದ ಮೇಜಿನ ಮೇಲಿಟ್ಟರೆ ಕೆಳಗೆ ಬೀಳುತ್ತವೆ. ಮೇಜಿನ ಮೇಲೆ ಇಡಲೇಬೇಡಿ. ಸಮತಟ್ಟಾದ ಬರಿನೆಲ ಅಥವಾ ಒಂದು ದಪ್ಪ ಹಲಗೆ, ಹಿಂದೆ ನಾಲ್ಕೈದು ಅಡಿ ಖಾಲಿ ಜಾಗ. ಒಣಹುಲ್ಲು ಬೇಡ, ಬತ್ತಿಯ ತುಂಡು ಕಿವಿಯಿಂದ ಹೊರಚಿಮ್ಮಿ ಹುಲ್ಲಿಗೆ ಬೀಳುವುದು ಅಪರೂಪವೇನಲ್ಲ. ನಳಿಗೆಯನ್ನು ಗಾಡಿಗೆ ಹಿಡಿದಿಡುವ ಪಟ್ಟಿಗಳ ಸ್ಕ್ರೂಗಳನ್ನು ಪ್ರತಿ ಹೊಡೆತದ ನಂತರ ನೋಡಬೇಕು. ಮರ ಒಣಗಿದಂತೆ ಅವು ಸಡಿಲವಾಗುತ್ತವೆ. ಕಿಟ್ ರೂಪದಲ್ಲಿ ಕೊಂಡು ಗಾಡಿಯನ್ನು ನೀವೇ ಜೋಡಿಸುವುದಾದರೆ ಅಂಟು ಪೂರ್ತಿ ಒಣಗುವವರೆಗೆ ಕಾಯಿರಿ.

ಈಗ ಮದ್ದು. ಕರಿಮದ್ದು ಮಾತ್ರ, ಕಂಪನಿ ತಯಾರಿಸಿ ಸೀಲ್ ಮಾಡಿದ ಡಬ್ಬಿಯದು. ಗೋಎಕ್ಸ್, ಷೂಟ್ಸನ್, ಸ್ವಿಸ್ ಮೂರೂ ಪರಿಚಿತ ಹೆಸರುಗಳು. ಗೋಎಕ್ಸ್ ಕಾರ್ಖಾನೆ 2021ರಲ್ಲಿ ನಿಂತು, ಮಾಲೀಕತ್ವ ಬದಲಾಗಿ, ಮತ್ತೆ ಶುರುವಾಯಿತು. ಹಳೆ ಡಬ್ಬಿ ಹೊಸ ಡಬ್ಬಿ ಎರಡೂ ಇದ್ದರೆ ಬೆರೆಸಬೇಡಿ. ಕಾಳಿನ ಗಾತ್ರವನ್ನು ಎಫ್ ಅಕ್ಷರಗಳಿಂದ ಗುರುತಿಸುತ್ತಾರೆ: ಎಫ್‌ಜಿ ದಪ್ಪ ಕಾಳು, ಎಫ್‌ಎಫ್‌ಜಿ ನಡುವಿನದು, ಎಫ್‌ಎಫ್‌ಎಫ್‌ಜಿ ಸಣ್ಣದು. ಎಫ್ ಹೆಚ್ಚಿದಷ್ಟೂ ಬೇಗ ಉರಿಯುತ್ತದೆ, ಒತ್ತಡವೂ ಚುರುಕಾಗಿ ಏರುತ್ತದೆ. ಈ ತೋಪಿಗೆ ಎಫ್‌ಎಫ್‌ಜಿ ಸರಿ. ಪಿಸ್ತೂಲಿಗೆಂದು ತಂದ ಎಫ್‌ಎಫ್‌ಎಫ್‌ಜಿ ಉಳಿದಿದೆ, ಹಾಕಿ ಮುಗಿಸೋಣ ಎಂಬ ಲೆಕ್ಕಾಚಾರ ಬೇಡ. ಪೈರೋಡೆಕ್ಸ್‌ನಂಥ ಬದಲಿ ಮದ್ದುಗಳು ಹೊತ್ತಿಕೊಳ್ಳಲು ಹೆಚ್ಚು ಶಾಖ ಬೇಕು, ಚೆನ್ನಾಗಿ ಬಿಗಿದಿರಲೂ ಬೇಕು. ಬತ್ತಿ ಹಚ್ಚುವ ಸಲಾಮಿ ತೋಪಿನಲ್ಲಿ ಅವು ಬುಸ್ ಎನ್ನುತ್ತವೆ, ಅಥವಾ ಅರ್ಧ ಹೊತ್ತಿ ಒಳಗೇ ಉಳಿಯುತ್ತವೆ. ಅಪಾಯದ ದೃಷ್ಟಿಯಿಂದ ಎರಡನೆಯದು ಕೆಟ್ಟದ್ದು. ಇನ್ನು ಹೊಗೆರಹಿತ ಮದ್ದು, ಅಂದರೆ ಇಂದಿನ ಕಾಡತೂಸುಗಳಲ್ಲಿರುವುದು, ಇದರೊಳಗೆ ಹೋದರೆ ನಳಿಗೆ ಸಿಡಿಯುತ್ತದೆ. ಅದೂ ನೋಡಲು ಬೂದು ಕಾಳೇ. ಹಾಗಾಗಿ ಲೇಬಲ್ ಇಲ್ಲದ ಡಬ್ಬಿಯ ಮದ್ದು ಯಾರು ಕೊಟ್ಟರೂ ಮುಟ್ಟಬಾರದು.

ಮೀಟರು, ಕಿಲೋ ಲೆಕ್ಕದಲ್ಲಿ ಬೆಳೆದ ನಮ್ಮವರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಜಾಗ ಇಲ್ಲಿದೆ. ಕೈಪಿಡಿಯಲ್ಲಿ ಮದ್ದಿನ ಅಳತೆ ಇರುವುದು ಗ್ರೇನ್‌ನಲ್ಲಿ, ಗ್ರಾಂನಲ್ಲಿ ಅಲ್ಲ. ಒಂದು ಪೌಂಡಿಗೆ 7000 ಗ್ರೇನ್. ಒಂದು ಗ್ರಾಂ ಅಂದರೆ ಸುಮಾರು 15.4 ಗ್ರೇನ್. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 25 ಎಂದು ನೋಡಿ ತೂಗಿದರೆ ಹದಿನೈದು ಪಟ್ಟು ಮದ್ದು ತುಂಬಿದಂತೆ. ತಕ್ಕಡಿ ಬಿಟ್ಟು, ಗ್ರೇನ್ ಗುರುತು ಹಾಕಿದ ಹಿತ್ತಾಳೆಯ ಕರಿಮದ್ದಿನ ಅಳತೆಗೊಳವೆ ಕೊಳ್ಳಿ. ಕರಿಮದ್ದನ್ನು ಗಾತ್ರದಲ್ಲಿ ಅಳೆಯುವುದೇ ರೂಢಿ. ಎಷ್ಟು ಹಾಕಬೇಕು? ಕೈಪಿಡಿಯಲ್ಲಿ ಬರೆದದ್ದು ಗರಿಷ್ಠ ಮಿತಿ, ಗುರಿಯಲ್ಲ. ಸಲಾಮಿಗೆ ಅದರ ಅರ್ಧದಿಂದ ಮೇಲೆ ಹೋಗುವ ಅಗತ್ಯವಿಲ್ಲ. ಅರ್ಧ ಇಂಚಿನ ನಳಿಗೆಯಲ್ಲಿ 25 ಗ್ರೇನ್, ಅಂದರೆ 1.6 ಗ್ರಾಂ ಎಫ್‌ಎಫ್‌ಜಿ, ಸುಮಾರು 13 ಮಿಲಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ಕಿವಿಯ ತೂತನ್ನು ಮುಟ್ಟುವಷ್ಟಾಯಿತು, ಬತ್ತಿ ಅದಕ್ಕೆ ತಾಗುತ್ತದೆ, ಅಂಗಳದಾಚೆಗೂ ಕೇಳುವ ಶಬ್ದ ಬರುತ್ತದೆ. ಒಂದು ಪೌಂಡ್ ಡಬ್ಬಿಯಲ್ಲಿ ಇಂಥ 280 ಹೊಡೆತಗಳಿರುತ್ತವೆ. ವರ್ಷಕ್ಕೊಮ್ಮೆ ಹೊಡೆಯುವವರಿಗೆ ಎರಡನೆಯ ಡಬ್ಬಿ ಬೇಕಾಗುವುದಿಲ್ಲ.

ಪೆಟ್ಟಿಗೆಯಲ್ಲಿ ಮದ್ದು ಬರುವುದಿಲ್ಲ, ಅದು ಸರಿಯೇ. ಬೇರೆಯಾಗಿ ಹೊಂದಿಸಿಕೊಳ್ಳಬೇಕಾದವು ಇವು: ನಳಿಗೆಗಿಂತ ಅರ್ಧದಷ್ಟು ಉದ್ದ ಹೆಚ್ಚಿರುವ ಎರಡು ಮರದ ಗಜಗಳು, ಅಂದರೆ ನಳಿಗೆಯೊಳಗೆ ಹಾಕುವ ಕೋಲುಗಳು, ಒಂದರ ತುದಿಗೆ ಬಟ್ಟೆ ಸುತ್ತಿ ಒದ್ದೆ ಒರೆಸಲು, ಇನ್ನೊಂದು ಒಣ ಒರೆಸಿ ಮದ್ದು ದೂಡಲು. .50 ಕ್ಯಾಲಿಬರ್ ಕೋವಿ ಶುಚಿಮಾಡುವ ಹಿತ್ತಾಳೆ ಬ್ರಷ್. ಬ್ರಷ್ಷಿನ ತಿರುಪಿನ ಜಾಗದಲ್ಲೇ ಕೂರುವ ಸುರುಳಿ ಕೊಕ್ಕೆ, ಒಳಗುಳಿದ ಚೂರು ಎಳೆಯಲು. ಹಿತ್ತಾಳೆ ಅಥವಾ ತಾಮ್ರದ ಸೂಜಿ, ಕಿವಿ ಬಿಡಿಸಲು. ಉಕ್ಕಿನ ಸೂಜಿ ಕಿಡಿ ಹಾರಿಸಬಹುದು, ಕಿವಿಯನ್ನು ಗೀರಿ ಅಗಲವನ್ನೂ ಮಾಡುತ್ತದೆ. ಹೆಬ್ಬೆರಳಿಗೆ ದಪ್ಪ ಚರ್ಮದ ಟೋಪಿ. ಎರಡು ಬಕೆಟ್ ನೀರು. ನಿಮ್ಮ ಕಿವಿಗಳಿಗೆ ಹತ್ತಿಯಲ್ಲ, ಸರಿಯಾದ ರಕ್ಷಕ. ಪಕ್ಕದಲ್ಲಿ ನಿಂತವರಿಗೆ ಈ ಪುಟ್ಟ ತೋಪಿನ ಸದ್ದೂ ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಕಣ್ಣಿಗೆ ಕನ್ನಡಕ. ಮೈಮೇಲೆ ಹತ್ತಿ ಬಟ್ಟೆ, ನೈಲಾನ್ ಮತ್ತು ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತವೆ.

ಬತ್ತಿ ಅಂದರೆ ಹಸಿರು ಬಣ್ಣದ ಜಲನಿರೋಧಕ ಕ್ಯಾನನ್ ಫ್ಯೂಸ್, 3/32 ಇಂಚು, ಸುಮಾರು 2.4 ಮಿಲಿಮೀಟರ್ ದಪ್ಪ. ಒಂದು ಅಡಿ ಉರಿಯಲು ಸುಮಾರು 30 ಸೆಕೆಂಡ್ ಅನ್ನುತ್ತಾರೆ, ಆದರೆ ಸುರುಳಿಯಿಂದ ಸುರುಳಿಗೆ ವ್ಯತ್ಯಾಸವಿರುತ್ತದೆ. ಹೊಸ ಸುರುಳಿ ತಂದಾಗಲೆಲ್ಲ ಒಂದು ಅಡಿ ಕತ್ತರಿಸಿ ಸಿಮೆಂಟ್ ನೆಲದ ಮೇಲಿಟ್ಟು ಹಚ್ಚಿ, ಮೊಬೈಲಿನಲ್ಲಿ ಸಮಯ ನೋಡಿ. ಹೊರಗೆ ಕಾಣುವ ಬತ್ತಿ 4 ಇಂಚಿದ್ದರೆ ಸುಮಾರು 10 ಸೆಕೆಂಡ್. ನಿಧಾನವಾಗಿ ಹಿಂದಕ್ಕೆ ನಡೆದುಹೋಗಲು ಅಷ್ಟು ಸಾಕು. ಓಡಬೇಕಾಗಿ ಬಂದರೆ ಬತ್ತಿ ಮೋಟು ಎಂದೇ ಅರ್ಥ.

ಹೊಡೆಯುವ ಹಿಂದಿನ ದಿನವೇ ಮದ್ದನ್ನು ಪೊಟ್ಟಣ ಕಟ್ಟಿಡುವುದು ಒಳ್ಳೆಯದು. 11 ಮಿಲಿಮೀಟರ್ ದಪ್ಪದ ಮರದ ಕೋಲಿಗೆ ಅಡುಗೆಮನೆಯ ದಪ್ಪ ಅಲ್ಯೂಮಿನಿಯಂ ಫಾಯಿಲ್ ಒಂದು ಸುತ್ತು ಸುತ್ತಿ, ತುದಿ ಮಡಚಿ, ಕೋಲು ತೆಗೆದು 25 ಗ್ರೇನ್ ಸುರಿದು ಇನ್ನೊಂದು ತುದಿಯನ್ನೂ ಮಡಚಬೇಕು. ಕಾಗದವೂ ಬಟ್ಟೆಯೂ ಹೊಡೆತದ ನಂತರ ಒಳಗೆ ಕೆಂಡವಾಗಿ ಕೂರುತ್ತವೆ, ಫಾಯಿಲ್ ಕೂರುವುದಿಲ್ಲ. ಮದ್ದು ಬಿಗಿಯಾಗಿರುವುದರಿಂದ ಸದ್ದೂ ಗಟ್ಟಿ. ಪೊಟ್ಟಣದ ಮೇಲೆ ಕಾಗದದುಂಡೆ, ಒದ್ದೆ ಪೇಪರ್, ಹುಲ್ಲು, ಬಟ್ಟೆ ಏನನ್ನೂ ತುರುಕಬಾರದು. ಗಟ್ಟಿಯಾಗಿ ಬಡಿದ ಒದ್ದೆ ಕಾಗದ ಹತ್ತಿರದಲ್ಲಿ ಗುಂಡೇ. ಮದ್ದಿನ ಡಬ್ಬಿಯಿಂದಲೋ ಬುಡ್ಡಿಯಿಂದಲೋ ನೇರವಾಗಿ ನಳಿಗೆಗೆ ಸುರಿಯುವುದನ್ನು ಸಿನಿಮಾದವರಿಗೆ ಬಿಡಿ. ಒಳಗೊಂದು ಕೆಂಡ ಉಳಿದಿದ್ದರೆ ಕೈಯಲ್ಲಿರುವ ಇಡೀ ಡಬ್ಬಿ ಸಿಡಿಯುತ್ತದೆ, 25 ಗ್ರೇನ್ ಅಲ್ಲ. ಪೊಟ್ಟಣಗಳು ಮುಚ್ಚಳವಿರುವ ಮರದ ಡಬ್ಬಿಯಲ್ಲಿ, ತೋಪಿನಿಂದ 25 ಅಡಿ ಹಿಂದೆ, ಗಾಳಿ ಬರುವ ಕಡೆ ಇರಲಿ. ಒಂದು ತೆಗೆದ ಕೂಡಲೇ ಮುಚ್ಚಳ ಹಾಕಲು ಒಬ್ಬರನ್ನು ನಿಲ್ಲಿಸಿ. ಅವರ ಕೈಯಲ್ಲಿ ಬೆಂಕಿಕಡ್ಡಿ ಇರಬಾರದು, ಬೆಂಕಿ ಹಚ್ಚುವವರ ಕೈಯಲ್ಲಿ ಮದ್ದಿರಬಾರದು.

ಈಗ ತುಂಬುವ ಕ್ರಮ. ತೋಪಿನ ಬಾಯಿ ಜನರಿಲ್ಲದ ಕಡೆ, ಮುಂದೆ 150 ಅಡಿ ಖಾಲಿ. ನೋಡುವವರು ಹಿಂದೆ, 50 ಅಡಿ ದೂರದಲ್ಲಿ. ತುಂಬುವವರು ಗಾಡಿಯ ಪಕ್ಕಕ್ಕೆ, ಗಾಲಿಯ ಸಾಲಿನಲ್ಲಿ ನಿಲ್ಲಬೇಕು. ಯಾವ ಹಂತದಲ್ಲೂ ಮುಖವಾಗಲಿ ಎದೆಯಾಗಲಿ ಬಾಯಿಯ ಎದುರು ಬರಕೂಡದು. ಮೊದಲು ಕಿವಿಯಲ್ಲಿ ಸೂಜಿ ಆಡಿಸಿ ತೂತು ತೆರೆದಿದೆಯೇ ನೋಡಿ. ಆಮೇಲೆ ಒಬ್ಬರು ಚರ್ಮದ ಟೋಪಿ ತೊಟ್ಟ ಹೆಬ್ಬೆರಳಿನಿಂದ ಕಿವಿ ಮುಚ್ಚಿ ಹಿಡಿಯಬೇಕು. ಮದ್ದು ತುಂಬಿ ಮುಗಿಯುವವರೆಗೆ ಆ ಬೆರಳು ತೆಗೆಯುವಂತಿಲ್ಲ. ಗಜ ಒಳಗೆ ಹೋಗಿ ಬರುವಾಗ ತೆರೆದ ಕಿವಿಯಿಂದ ಗಾಳಿ ಆಡುತ್ತದೆ, ಮೂಲೆಯಲ್ಲಿ ಕಂದಿರುವ ಕೆಂಡವಿದ್ದರೆ ತಿದಿ ಊದಿದಂತೆ ಕೆಂಪಾಗುತ್ತದೆ. ಬೆರಳಿಡಲು ಕಾರಣ ಅದು. ಒದ್ದೆ ಗಜವನ್ನು ತಳ ಮುಟ್ಟಿಸಿ ತಿರುಗಿಸಿ ತೆಗೆಯಿರಿ, ನೀರು ತೊಟ್ಟಿಕ್ಕುವಷ್ಟು ಒದ್ದೆ ಬೇಡ. ಆಮೇಲೆ ಒಣ ಗಜ. ತೇವ ಉಳಿದರೆ ಮದ್ದು ಹೊತ್ತುವುದಿಲ್ಲ, ಹೊತ್ತದ ತೋಪು ಹೊತ್ತಿದ ತೋಪಿಗಿಂತ ಹೆಚ್ಚು ತೊಂದರೆ ಕೊಡುತ್ತದೆ.

ಪೊಟ್ಟಣವನ್ನು ಬಾಯಿಗಿಟ್ಟು ಗಜದಿಂದ ಮೆಲ್ಲಗೆ ತಳಕ್ಕೆ ದೂಡಬೇಕು, ಬಡಿಯಬಾರದು. ಗಜವನ್ನು ಮುಷ್ಟಿಯಲ್ಲಿ ಹಿಡಿಯದೆ ಹೆಬ್ಬೆರಳೂ ಉಳಿದ ಬೆರಳುಗಳೂ ಒಂದೇ ಬದಿಗಿರುವಂತೆ, ಅಂಗೈ ಮೇಲ್ಮುಖವಾಗಿ ಹಿಡಿಯುವುದನ್ನು ಅಭ್ಯಾಸ ಮಾಡಿಕೊಳ್ಳಿ. ಅಕಸ್ಮಾತ್ ಹೊತ್ತಿದರೆ ಗಜ ಕೈಯಿಂದ ಜಾರಿಹೋಗುತ್ತದೆ, ಬೆರಳನ್ನು ಕಿತ್ತುಕೊಂಡು ಹೋಗುವುದಿಲ್ಲ. ಪೊಟ್ಟಣ ತಳ ತಲುಪಿತೆಂದು ತಿಳಿಯಲು ಗಜದ ಮೇಲೆ ಮೊದಲೇ ಎರಡು ಗೆರೆ ಎಳೆದಿಟ್ಟಿರಬೇಕು. ಖಾಲಿ ನಳಿಗೆಯಲ್ಲಿ ಬಾಯಿಯ ಮಟ್ಟಕ್ಕೆ ಬರುವುದೊಂದು, ಪೊಟ್ಟಣವಿದ್ದಾಗ ಬರುವುದೊಂದು. ಈ ಎರಡು ಗೆರೆಗಳಿಂದಲೇ ತೋಪು ಖಾಲಿಯೋ ತುಂಬಿದೆಯೋ ಎಂದೂ ಗೊತ್ತಾಗುತ್ತದೆ, ಎರಡು ಪೊಟ್ಟಣ ಒಂದರ ಮೇಲೊಂದು ಹಾಕುವ ಪ್ರಮಾದವೂ ತಪ್ಪುತ್ತದೆ.

ಗಜ ಹೊರಬಂದ ಮೇಲೆ, ಅದನ್ನು ಪಕ್ಕಕ್ಕೆ ಇಟ್ಟದ್ದನ್ನು ಕಣ್ಣಾರೆ ನೋಡಿದ ಮೇಲೆ, ಕಿವಿಯಿಂದ ಸೂಜಿ ತೂರಿಸಿ ಫಾಯಿಲ್ ಚುಚ್ಚಿ. ಸೂಜಿಯ ತುದಿಗೆ ಕರಿಪುಡಿ ಅಂಟಿದರೆ ಚುಚ್ಚಿದ್ದು ಸರಿಯಾಗಿದೆ. ಆಮೇಲೇ ಬತ್ತಿ. ಬತ್ತಿ ಯಾವತ್ತೂ ಕೊನೆಗೆ. ಮೊದಲೇ ಬತ್ತಿ ಸಿಕ್ಕಿಸಿಟ್ಟು ಮದ್ದು ತುಂಬುವುದು ನೋಡಲು ಸುಲಭ, ಆದರೆ ಬಾಯಿಯ ಬಳಿ ಕೈ ಇರುವ ಹೊತ್ತಿನಲ್ಲಿ ತೋಪು ಹೊಡೆಯಲು ಸಿದ್ಧವಾಗಿ ಕೂತಿರುತ್ತದೆ. ಸುತ್ತಲೂ ನೋಡಿ, ಗಟ್ಟಿಯಾಗಿ ಎಚ್ಚರಿಕೆ ಕೂಗಿ, ಒಂದಡಿಗೂ ಉದ್ದದ ಕೋಲಿನ ತುದಿಯ ಉರಿಯಿಂದ ಬತ್ತಿಯ ತುದಿಗೆ ಹಚ್ಚಬೇಕು. ಸಿಗರೇಟು ಲೈಟರ್ ಹಿಡಿದು ಕಿವಿಯ ಮೇಲೆ ಬಾಗಬೇಡಿ. ಹೊಡೆದಾಗ ಕಿವಿಯಿಂದಲೂ ಬೆಂಕಿ ಮೇಲಕ್ಕೆ ಚಿಮ್ಮುತ್ತದೆ.

ಬತ್ತಿ ಉರಿದು ಒಳಹೋಗಿ ಏನೂ ಆಗಲಿಲ್ಲವೆಂದರೆ ಯಾರೂ ಕದಲಬಾರದು. ನಿಧಾನವಾಗಿ ಕನಲುವ ಬತ್ತಿ ನಿಮಿಷಗಳ ನಂತರ ಹೊತ್ತಿಸಿದ್ದುಂಟು. ಹತ್ತು ನಿಮಿಷ ಗಡಿಯಾರ ನೋಡಿ ಕಾಯಿರಿ. ಆಮೇಲೆ ಪಕ್ಕದಿಂದ ಬಂದು, ಉದ್ದ ಮೂತಿಯ ಬಾಟಲಿಯಿಂದ ಕಿವಿಗೆ ನೀರು ಬಿಡಿ. ಬಾಯಿಯಿಂದ ನೀರು ಸುರಿಯಲು ಎದುರಿಗೆ ಹೋಗಬೇಡಿ. ಇನ್ನರ್ಧ ಗಂಟೆ ಬಿಟ್ಟು, ಮದ್ದು ಪೂರ್ತಿ ನೆನೆದ ಮೇಲೆ ಸುರುಳಿ ಕೊಕ್ಕೆಯಿಂದ ಪೊಟ್ಟಣ ಎಳೆದು ಬಕೆಟ್ಟಿಗೆ ಹಾಕುವುದು. ಇನ್ನೊಂದು ಬತ್ತಿ ಹಾಕಿ ನೋಡೋಣವೆಂಬ ಆಸೆಯಾಗುತ್ತದೆ. ಮೊದಮೊದಲು ಹೊಡೆಯುವವರು ಆ ಆಸೆಗೆ ಬೀಳದಿರುವುದೇ ಕ್ಷೇಮ. ಹೊತ್ತದಿರಲು ಕಾರಣ ಬಹುಮಟ್ಟಿಗೆ ಮೂರೇ: ಫಾಯಿಲ್ ಚುಚ್ಚಿಲ್ಲ, ನಳಿಗೆ ಒದ್ದೆ, ಅಥವಾ ಹಿಂದಿನ ಹೊಡೆತದ ಕಿಟ್ಟದಿಂದ ಕಿವಿ ಕಟ್ಟಿಕೊಂಡಿದೆ.

ಎರಡನೆಯ ಹೊಡೆತಕ್ಕೆ ಕಡಿಮೆಯೆಂದರೆ ಹತ್ತು ನಿಮಿಷದ ಅಂತರ. ಮೊದಲು ಕೊಕ್ಕೆ ಆಡಿಸಿ ಫಾಯಿಲ್ ಚೂರು ತೆಗೆಯಬೇಕು, ಒದ್ದೆ ಗಜ ಎರಡು ಸಲ, ಒಣ ಗಜ ಒಂದು ಸಲ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕೂ ಹೆಚ್ಚು ಘನರೂಪದಲ್ಲೇ ಉಳಿಯುತ್ತದೆ. ಒಂದಿಷ್ಟು ಹೊಗೆಯಾಗಿ ಹೊರಬರುತ್ತದೆ, ಮಿಕ್ಕದ್ದು ಕಿಟ್ಟವಾಗಿ ನಳಿಗೆಗೆ ಅಂಟುತ್ತದೆ. ಬೇಗಬೇಗ ಹೊಡೆಯುವ ಚಪಲವಿರುವವರು ಮೈಸೂರು ದಸರೆಯ ಕುಶಾಲತೋಪನ್ನು ಗಮನಿಸಲಿ. ರಾಷ್ಟ್ರಗೀತೆ ಮುಗಿಯುವುದರೊಳಗೆ ಇಪ್ಪತ್ತೊಂದು ಸುತ್ತು ಹಾರಿಸುವುದನ್ನು ಒಂದೇ ಫಿರಂಗಿಯಿಂದ ಮಾಡುವುದಿಲ್ಲ, ಏಳು ಫಿರಂಗಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ, ಪ್ರತಿಯೊಂದಕ್ಕೂ ಮೂರೇ ಹೊಡೆತ. ನಗರ ಸಶಸ್ತ್ರ ಮೀಸಲು ಪಡೆಯ ಸಿಬ್ಬಂದಿ ಅದಕ್ಕೆಂದೇ ವಾರಗಟ್ಟಲೆ ಒಣ ತಾಲೀಮು ನಡೆಸುತ್ತಾರೆ, ಮದ್ದಿಲ್ಲದೆ, ಗಜ ಒಳಗೆ ಹಾಕುವುದು ತೆಗೆಯುವುದು ಅಷ್ಟನ್ನೇ. ಮನೆಯಂಗಳದ ಮೂವರ ತಂಡಕ್ಕೂ ಮದ್ದು ಮುಟ್ಟುವ ಮೊದಲು ಹತ್ತಾರು ಸಲ ಒಣ ತಾಲೀಮು ಬೇಕು.

ಶುಚಿ ಅದೇ ಸಂಜೆ ಆಗಬೇಕು. ಕಿಟ್ಟ ಗಾಳಿಯ ತೇವ ಹೀರುತ್ತದೆ, ರಾತ್ರಿ ಕಳೆಯುವುದರಲ್ಲಿ ಉಕ್ಕು ತಿನ್ನಲು ಶುರುಮಾಡುತ್ತದೆ. ನಿಕ್ಕಲ್ ಲೇಪನ ಹೊರಮೈ ಕಾಯುತ್ತದೆಯೇ ಹೊರತು ಒಳಮೈಯನ್ನಲ್ಲ. ನಳಿಗೆಯನ್ನು ಗಾಡಿಯಿಂದ ಬಿಡಿಸಿ, ಬಿಸಿನೀರು, ಪಾತ್ರೆ ತೊಳೆಯುವ ಸಾಬೂನು, ಬ್ರಷ್. ನೀರು ತಿಳಿಯಾಗುವವರೆಗೆ ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ. ಮುಂದಿನ ಸಲ ಹೊಡೆಯುವ ಮೊದಲು ಆ ಎಣ್ಣೆಯನ್ನು ಒರೆಸುವುದು ಮರೆಯಬಾರದು.

ಕಾನೂನಿನ ಮಾತು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಇಂಥ ಬಾಯಿಂದ ತುಂಬುವ ಪ್ರತಿಕೃತಿಗಳಿಗೂ, ಅವುಗಳಲ್ಲಿ ಹವ್ಯಾಸಕ್ಕೆ ಬಳಸುವ 50 ಪೌಂಡ್‌ವರೆಗಿನ ಕರಿಮದ್ದಿಗೂ ವಿನಾಯಿತಿಯಿದೆ. ಆದರೆ ರಾಜ್ಯದ್ದು, ನಗರದ್ದು, ನಿಮ್ಮ ಬಡಾವಣೆಯ ಸಂಘದ್ದು ಬೇರೆ ಬೇರೆ ನಿಯಮಗಳಿರುತ್ತವೆ. ನಗರ ಮಿತಿಯೊಳಗೆ ಹೊಡೆಯಲು ಅನುಮತಿ ಸಿಗುವುದು ಅಪರೂಪ. ಮನೆಯಲ್ಲಿ ಇಡಲು ಅಗ್ನಿಸುರಕ್ಷತಾ ಮಾನದಂಡದ ಮಿತಿ 20 ಪೌಂಡ್, ಅದೂ ಮೂಲ ಡಬ್ಬಿಯಲ್ಲೇ, ಒಂದಿಂಚು ದಪ್ಪದ ಮರದ ಪೆಟ್ಟಿಗೆಯೊಳಗೆ. ಭಾರತಕ್ಕೆ ಇದನ್ನು ಸೂಟ್‌ಕೇಸಿನಲ್ಲಿ ಒಯ್ಯುವ ಯೋಚನೆ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆ, 1884ರ ಸ್ಫೋಟಕ ಕಾಯ್ದೆ ಎರಡೂ ಅಡ್ಡ ಬರುತ್ತವೆ. ಕೊಡವರಿಗಿರುವ ಕೋವಿ ವಿನಾಯಿತಿಯಡಿ ತೋಪು ತರಬಹುದೆಂದೂ ಯಾರೂ ಭಾವಿಸಬಾರದು.

ಬದಲಿಗಳು ಎರಡಿವೆ. ದೋಣಿ ಪಂದ್ಯ ಶುರುಮಾಡಲು, ಒಂದರ ಹಿಂದೊಂದು ಸದ್ದು ಬೇಕಿದ್ದರೆ ವಿಂಚೆಸ್ಟರ್ ಮಾದರಿಯ 10 ಗೇಜ್ ಸಿಗ್ನಲ್ ತೋಪು ನೋಡಿ. ಹಿಂದಿನಿಂದ ತೆರೆದು ಗುಂಡಿಲ್ಲದ ಕಾಡತೂಸು ಹಾಕುವಂಥದು. ಕೆಂಡ, ಗಜ, ಬತ್ತಿ ಯಾವುದರ ರಗಳೆಯೂ ಇಲ್ಲ, ಬೆಲೆ ಮಾತ್ರ ಬಹಳ ಮೇಲೆ. ಮಕ್ಕಳಿರುವ ಮನೆಗೆ ಪೆನ್ಸಿಲ್ವೇನಿಯಾದ ಬಿಗ್-ಬ್ಯಾಂಗ್ ಎರಕದ ಆಟದ ತೋಪು, ಚಿಟಿಕೆ ಕ್ಯಾಲ್ಸಿಯಂ ಕಾರ್ಬೈಡ್ ಮತ್ತು ನೀರಿನ ಅನಿಲದಿಂದ ಸದ್ದು ಮಾಡುತ್ತದೆ, ದೊಡ್ಡವರು ಪಕ್ಕದಲ್ಲಿರಬೇಕು ಅಷ್ಟೆ. ಅದನ್ನು ನೋಡಿ ಪ್ಲಾಸ್ಟಿಕ್ ಕೊಳವೆಯಲ್ಲಿ ಅಂಥದ್ದೇ ಮಾಡಲು ಹೋಗಬೇಡಿ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಮಕ್ಕಳ ಕಣ್ಣಿಗೆ ಗಾಯ ಮಾಡಿದ್ದು ಅಂಥ ಕೊಳವೆ ಕಾರ್ಬೈಡ್ ಗನ್‌ಗಳೇ.

ಮಿನಿ ಓಲ್ಡ್ ಐರನ್‌ಸೈಡ್ಸ್ ಕೊಳ್ಳಬೇಕಾದವರು ವರ್ಷಕ್ಕೆ ಒಂದೆರಡು ಸಲ, ಊರಾಚೆಯ ಸ್ವಂತ ಜಾಗದಲ್ಲಿ, ಒಂದು ಸಲಕ್ಕೆ ಎರಡೋ ಮೂರೋ ಹೊಡೆತಕ್ಕೆ ತೃಪ್ತರಾಗುವವರು. ಬಿಲ್ ಮಾಡುವಾಗಲೇ ಬ್ರಷ್, ಕೊಕ್ಕೆ, ಗ್ರೇನ್ ಅಳತೆಗೊಳವೆ, ಕಿವಿರಕ್ಷಕ ಮೂರು ಜೊತೆ ಸೇರಿಸಿ ಲೆಕ್ಕ ಹಾಕಿ. ತೋಪಿನ ಬೆಲೆಯ ಮೇಲೆ ಗಣನೀಯ ಮೊತ್ತವೇ ಆಗುತ್ತದೆ. ಅಷ್ಟಕ್ಕೆ ಬಜೆಟ್ ಸಾಲದಿದ್ದರೆ ತೋಪನ್ನೂ ಮುಂದಿನ ವರ್ಷಕ್ಕೆ ಬಿಡಿ.